ಸಂಯುಕ್ತ ಯಂತ್ರವೋ ಪ್ರತ್ಯೇಕ ಯಂತ್ರಗಳೋ: ಸಿಂಧನೂರು, ಲಿಂಗಸುಗೂರು, ಮಸ್ಕಿ ಪ್ರದೇಶದ ಬೆಸುಗೆ ಕಾರ್ಯಾಗಾರಗಳ ಯಂತ್ರಾಯ್ಕೆ

ಪೀಠಿಕೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋಆಬ್ ಪ್ರದೇಶದ ಲೋಹಸಂಪತ್ತಿನ ಮಾತು ಬಂದಾಗ ಮೊದಲು ನೆನಪಾಗುವುದು ಚಿನ್ನ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನ ಕಾಲದಲ್ಲೇ ಗಣಿ ತೋಡಿದ ಕುರುಹುಗಳಿವೆ. ಆಧುನಿಕ ಕಾಲದಲ್ಲಿ 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಎಂಬ ಹೆಸರಿನಿಂದ ಸ್ಥಾಪಿತವಾದ ಸಂಸ್ಥೆಯೇ ಇಂದಿನ ಹಟ್ಟಿ ಚಿನ್ನದ ಗಣಿ ಕಂಪನಿ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಿಲಾಶಾಸನವನ್ನು 1915ರಲ್ಲಿ ಬೆಳಕಿಗೆ ತಂದವರೂ ಚಿನ್ನದ ಗಣಿ ಎಂಜಿನಿಯರ್ ಆಗಿದ್ದ ಸಿ. ಬೀಡನ್ ಅವರೇ. ಆದರೆ ಈ ನೆಲದ ಜನಸಾಮಾನ್ಯರ ಬದುಕನ್ನು ಕಟ್ಟಿದ ಲೋಹ ಚಿನ್ನವಲ್ಲ, ಕಬ್ಬಿಣ. ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಅವರು ನಡೆಸಿದ ಉತ್ಖನನದಲ್ಲಿ ಬೃಹತ್ ಶಿಲಾ ಸಂಸ್ಕೃತಿಯ ಸ್ತರಗಳಿಂದ ಕಬ್ಬಿಣದ ಉಪಕರಣಗಳು ದೊರೆತಿರುವುದು ಇದಕ್ಕೆ ಸಾಕ್ಷಿ.

ಆ ಕಬ್ಬಿಣದ ಕೆಲಸದ ಇಂದಿನ ವಾರಸುದಾರರು ಸಿಂಧನೂರು, ಲಿಂಗಸುಗೂರು, ಮಸ್ಕಿ ಪಟ್ಟಣಗಳ ರಸ್ತೆ ಬದಿಯಲ್ಲಿ ಕಾಣುವ ವೆಲ್ಡಿಂಗ್ ಅಂಗಡಿಗಳು. ಈ ಅಂಗಡಿಗಳನ್ನು ನಡೆಸುವವರ ಮುಂದೆ ಈಚಿನ ವರ್ಷಗಳಲ್ಲಿ ಒಂದು ಪ್ರಶ್ನೆ ಬಂದು ನಿಂತಿದೆ. ಬೆಸುಗೆಯನ್ನೂ ಪ್ಲಾಸ್ಮಾ ಕತ್ತರಿಕೆಯನ್ನೂ ಒಂದೇ ಪೆಟ್ಟಿಗೆಯಲ್ಲಿ ಒದಗಿಸುವ ಸಂಯುಕ್ತ ಯಂತ್ರವನ್ನು ಕೊಳ್ಳಬೇಕೋ, ಇಲ್ಲವೇ ಎರಡಕ್ಕೂ ಪ್ರತ್ಯೇಕ ಯಂತ್ರಗಳನ್ನು ಇಟ್ಟುಕೊಳ್ಳಬೇಕೋ ಎಂಬುದೇ ಆ ಪ್ರಶ್ನೆ. ಮೇಲುನೋಟಕ್ಕೆ ಇದು ಕೇವಲ ಬೆಲೆಯ ವಿಚಾರವೆಂದು ತೋರುತ್ತದೆ. ವಾಸ್ತವದಲ್ಲಿ ಇದು ವಿದ್ಯುತ್ ಸಂಪರ್ಕ, ಕೆಲಸಗಾರರ ಸಂಖ್ಯೆ, ಬೇಸಾಯದ ಋತುಮಾನ ಮತ್ತು ದುರಸ್ತಿಯ ಸೌಲಭ್ಯಗಳಿಗೆ ಸಂಬಂಧಿಸಿದ ವಿಚಾರ. ಈ ಅಂಶಗಳನ್ನು ಪ್ರಸ್ತುತ ಲೇಖನದಲ್ಲಿ ಒಂದೊಂದಾಗಿ ವಿವೇಚಿಸಲಾಗಿದೆ.

ಕುಲುಮೆಯಿಂದ ಕಾರ್ಯಾಗಾರಕ್ಕೆ

ಈ ಭಾಗದ ಹಳ್ಳಿಗಳಲ್ಲಿ ಕಂಬಾರನ ಕುಲುಮೆಯೇ ಒಂದು ಬಗೆಯ ಸಂಯುಕ್ತ ಯಂತ್ರವಾಗಿತ್ತು. ಒಂದೇ ಬೆಂಕಿಯಲ್ಲಿ ಕಾಯಿಸಿದ ಕಬ್ಬಿಣವನ್ನು ಚಾಣವಿಟ್ಟು ಕತ್ತರಿಸುವುದೂ ನಡೆಯುತ್ತಿತ್ತು, ಎರಡು ತುಂಡುಗಳನ್ನು ಬಿಳಿಗಾವಿಗೆ ತಂದು ಬಡಿದು ಬೆಸೆಯುವುದೂ ನಡೆಯುತ್ತಿತ್ತು. ಕೂರಿಗೆಯ ತಾಳು, ಕುಂಟೆಯ ಕುಡ, ಬಂಡಿಯ ಹಳಿ ಎಲ್ಲವೂ ಆ ಒಂದೇ ಒಲೆಯಿಂದ ಹೊರಬರುತ್ತಿದ್ದವು. ತಿದಿ ಹರಿದರೆ ಕಂಬಾರನೇ ಹೊಲಿದುಕೊಳ್ಳುತ್ತಿದ್ದ, ಒಲೆ ಬಿರುಕು ಬಿಟ್ಟರೆ ತಾನೇ ಮಣ್ಣು ಮೆತ್ತುತ್ತಿದ್ದ. ವರ್ಷವಿಡೀ ಮಾಡಿದ ಕೆಲಸಕ್ಕೆ ಸುಗ್ಗಿಯಲ್ಲಿ ಕಣದ ಬಳಿ ಆಯದ ಕಾಳು ಸಿಗುತ್ತಿತ್ತು. ಒಂದು ದಿನ ಕೆಲಸ ನಿಂತರೂ ಆಯ ನಿಲ್ಲುತ್ತಿರಲಿಲ್ಲ.

ಇಂದಿನ ವೆಲ್ಡಿಂಗ್ ಅಂಗಡಿಯ ಸ್ಥಿತಿ ಇದಕ್ಕಿಂತ ಭಿನ್ನವಾಗಿದೆ. ಕೂಲಿ ಪ್ರತಿಯೊಂದು ಕೆಲಸಕ್ಕೆ ಬೇರೆ ಬೇರೆಯಾಗಿ ಬರುತ್ತದೆ. ಯಂತ್ರ ಸಾಲದ್ದಾಗಿದ್ದರೆ ಅದರ ಕಂತು ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು ಕಮ್ಮಾರಿಕೆಯೂ ಸೇರಿದಂತೆ 18 ಕಸುಬುಗಳಿಗೆ ಅನ್ವಯಿಸುತ್ತದೆ. ಉಪಕರಣಗಳಿಗಾಗಿ 15,000 ರೂಪಾಯಿಗಳ ನೆರವನ್ನೂ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಬಳಿಕ 2 ಲಕ್ಷ ರೂಪಾಯಿಗಳವರೆಗೆ ಸಾಲವನ್ನೂ ಅದು ಒದಗಿಸುವಂತೆ ರೂಪಿತವಾಗಿದೆ. ಹಣದ ಪ್ರಮಾಣ ಇಷ್ಟೆಂದು ಗೊತ್ತಿರುವಾಗ, ಒಂದೇ ಬೆಲೆಯಲ್ಲಿ ಎರಡು ಕೆಲಸ ಮಾಡುವ ಯಂತ್ರ ಆಕರ್ಷಕವಾಗಿ ಕಾಣುವುದು ಸಹಜ. ಆದರೆ ಕೆಲಸ ನಿಂತ ದಿನವೂ ಕಂತು ನಿಲ್ಲುವುದಿಲ್ಲ. ಆದುದರಿಂದ ಯಂತ್ರವನ್ನು ಅಳೆಯಬೇಕಾದುದು ಅದು ನಡೆಯುವಾಗ ಏನು ಮಾಡುತ್ತದೆ ಎಂಬುದರಿಂದ ಮಾತ್ರವಲ್ಲ, ಅದು ನಿಂತಾಗ ಅಂಗಡಿಯಲ್ಲಿ ಏನು ಉಳಿಯುತ್ತದೆ ಎಂಬುದರಿಂದ ಕೂಡ.

ಎರಡು ಕೆಲಸ, ಎರಡು ಬಗೆಯ ವಿದ್ಯುತ್ ಚಾಪ

ಬೆಸುಗೆಯೂ ಪ್ಲಾಸ್ಮಾ ಕತ್ತರಿಕೆಯೂ ವಿದ್ಯುತ್ ಚಾಪದಿಂದಲೇ ನಡೆಯುತ್ತವೆಯಾದರೂ ಅವುಗಳ ಅಗತ್ಯಗಳು ಪರಸ್ಪರ ವಿರುದ್ಧವಾಗಿವೆ. ಬೆಸುಗೆಯ ಚಾಪಕ್ಕೆ ಬೇಕಾದುದು ಕಡಿಮೆ ವೋಲ್ಟೇಜು ಮತ್ತು ಹೆಚ್ಚು ಆಂಪಿಯರು. ರಾಡಿನ ತುದಿ ಕರಗಿ ಜೋಡಣೆಯೊಳಗೆ ಇಳಿಯಬೇಕು. ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪನಿಯ ರಾಬರ್ಟ್ ಗೇಜ್ ಅವರಿಗೆ 1957ರಲ್ಲಿ ಹಕ್ಕುಪತ್ರ ದೊರೆತ ಪ್ಲಾಸ್ಮಾ ವಿಧಾನದಲ್ಲಿ ಇದಕ್ಕೆ ವ್ಯತಿರಿಕ್ತವಾಗಿ ಚಾಪವನ್ನು ಕಿರಿದಾದ ನಾಜಲ್‌ನೊಳಗೆ ಹಿಸುಕಲಾಗುತ್ತದೆ. ಅದರ ಮೂಲಕ ಒತ್ತಡದಿಂದ ಹಾಯುವ ಗಾಳಿಯು ಅಯಾನೀಕೃತಗೊಂಡು ಲೋಹವನ್ನು ಕರಗಿಸಿ ಕೆಳಗೆ ಊದಿಬಿಡುತ್ತದೆ. ಇದಕ್ಕೆ ಆಂಪಿಯರು ಕಡಿಮೆ ಸಾಕು, ಆದರೆ ವೋಲ್ಟೇಜು ಹೆಚ್ಚು ಬೇಕು. ಬೆಸುಗೆ ಯಂತ್ರದ ತುದಿಗಳ ನಡುವೆ ಚಾಪವಿಲ್ಲದಾಗ ಸುಮಾರು 60ರಿಂದ 80 ವೋಲ್ಟ್ ಇದ್ದರೆ, ಪ್ಲಾಸ್ಮಾ ಯಂತ್ರದಲ್ಲಿ ಅದು 250 ವೋಲ್ಟಿನ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೇಲಿರುತ್ತದೆ.

ಸಂಯುಕ್ತ ಯಂತ್ರದೊಳಗೆ ಈ ಎರಡೂ ಬಗೆಯ ಹೊರಹರಿವಿಗೆ ಬೇರೆ ಬೇರೆ ಏರ್ಪಾಟುಗಳಿದ್ದರೂ, ವಿದ್ಯುತ್ತು ಒಳಬರುವ ಭಾಗ, ನಿಯಂತ್ರಣ ಫಲಕ, ಫ್ಯಾನು ಮತ್ತು ಹೊರಕವಚ ಸಾಮಾನ್ಯವಾಗಿ ಎರಡಕ್ಕೂ ಒಂದೇ ಆಗಿರುತ್ತವೆ. ಒಂದು ಸಮಯದಲ್ಲಿ ಒಂದೇ ಕೆಲಸವನ್ನು ಮಾಡಬಹುದು. ಕೆಲಸ ಬದಲಿಸುವಾಗಲೆಲ್ಲ ಕೇಬಲ್ ಬದಲಿಸಿ, ಗುಂಡಿ ತಿರುಗಿಸಿ, ಗಾಳಿಯ ಕೊಳವೆಯನ್ನು ತೆರೆಯಬೇಕು ಅಥವಾ ಮುಚ್ಚಬೇಕು. ಪ್ಲಾಸ್ಮಾದ ವೋಲ್ಟೇಜು ಪ್ರಾಣಾಪಾಯಕಾರಿಯಾದುದರಿಂದ ಈ ಬದಲಾವಣೆಯನ್ನು ವಿದ್ಯುತ್ ನಿಲ್ಲಿಸಿಯೇ ಮಾಡಬೇಕೆಂಬುದನ್ನು ಮರೆಯುವಂತಿಲ್ಲ.

ಕೊಳ್ಳುವ ಮುನ್ನ ಗಮನಿಸಬೇಕಾದ ಇನ್ನೆರಡು ಅಂಶಗಳಿವೆ. ಮೊದಲನೆಯದು ಪೈಲಟ್ ಚಾಪ. ಟಾರ್ಚಿನ ನಾಜಲ್‌ನಲ್ಲಿಯೇ ಮೊದಲು ಸಣ್ಣ ಚಾಪ ಹುಟ್ಟುವ ವ್ಯವಸ್ಥೆ ಇದ್ದರೆ ತುಕ್ಕು ಹಿಡಿದ, ಬಣ್ಣ ಬಳಿದ ಲೋಹವನ್ನೂ ಸುಲಭವಾಗಿ ಕತ್ತರಿಸಬಹುದು. ಈ ವ್ಯವಸ್ಥೆ ಇಲ್ಲದ ಯಂತ್ರದಲ್ಲಿ ಚಾಪ ಹತ್ತಿಸಲು ಲೋಹವನ್ನು ಮೊದಲು ಉಜ್ಜಿ ಹೊಳೆಯುವಂತೆ ಮಾಡಬೇಕು. ದುರಸ್ತಿಗೆ ಬರುವ ಟ್ರ್ಯಾಕ್ಟರ್ ಸಾಮಾನುಗಳಲ್ಲಿ ತುಕ್ಕೂ ಬಣ್ಣವೂ ಇಲ್ಲದಿರುವುದು ಅಪರೂಪ. ಕಡಿಮೆ ಬೆಲೆಯ ಸಂಯುಕ್ತ ಯಂತ್ರಗಳಲ್ಲಿ ಪೈಲಟ್ ಚಾಪ ಇಲ್ಲದಿರುವುದುಂಟು. ಎರಡನೆಯದು ಟಿಗ್ ಬೆಸುಗೆ. ಇಂತಹ ಯಂತ್ರಗಳ ಟಿಗ್ ಭಾಗವು ಬಹುತೇಕ ಏಕಮುಖ ವಿದ್ಯುತ್ತನ್ನಷ್ಟೇ ಕೊಡುವುದರಿಂದ ಸ್ಟೇನ್‌ಲೆಸ್ ಸ್ಟೀಲಿಗೆ ಅದು ಉಪಯುಕ್ತ, ಅಲ್ಯುಮಿನಿಯಮ್ಮಿಗೆ ಅಲ್ಲ.

ವಿದ್ಯುತ್ತಿನ ಲೆಕ್ಕ

ಯಂತ್ರದ ಶಕ್ತಿಯನ್ನು ಅಂದಾಜಿಸಲು ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ 60974-1 ಮಾನಕವು ಸರಳ ಸೂತ್ರಗಳನ್ನು ಕೊಟ್ಟಿದೆ. ರಾಡಿನ ಬೆಸುಗೆಯಲ್ಲಿ ಚಾಪದ ವೋಲ್ಟೇಜು 20ಕ್ಕೆ ಆಂಪಿಯರಿನ 0.04 ಪಟ್ಟನ್ನು ಕೂಡಿಸಿದಷ್ಟು. ಪ್ಲಾಸ್ಮಾ ಕತ್ತರಿಕೆಯಲ್ಲಿ 80ಕ್ಕೆ ಆಂಪಿಯರಿನ 0.4 ಪಟ್ಟನ್ನು ಕೂಡಿಸಿದಷ್ಟು. ಇದರಂತೆ 160 ಆಂಪಿಯರಿನ ಬೆಸುಗೆಗೆ 26.4 ವೋಲ್ಟ್, ಅಂದರೆ ಸುಮಾರು 4.2 ಕಿಲೋವ್ಯಾಟ್ ಬೇಕು. 40 ಆಂಪಿಯರಿನ ಪ್ಲಾಸ್ಮಾಕ್ಕೆ 96 ವೋಲ್ಟ್, ಅಂದರೆ ಸುಮಾರು 3.8 ಕಿಲೋವ್ಯಾಟ್ ಬೇಕು. ಯಂತ್ರದ ದಕ್ಷತೆಯನ್ನು ಶೇಕಡಾ 85 ಎಂದೂ ಪವರ್ ಫ್ಯಾಕ್ಟರನ್ನು 0.7 ಎಂದೂ ಹಿಡಿದರೆ, 230 ವೋಲ್ಟಿನ ಸಿಂಗಲ್ ಫೇಸ್ ಸಂಪರ್ಕದಿಂದ ಬೆಸುಗೆಯು ಸುಮಾರು 31 ಆಂಪಿಯರನ್ನೂ ಪ್ಲಾಸ್ಮಾವು ಸುಮಾರು 28 ಆಂಪಿಯರನ್ನೂ ಸೆಳೆಯುತ್ತದೆ. ಪ್ಲಾಸ್ಮಾಕ್ಕೆ ಬೇಕಾದ 2 ಅಶ್ವಶಕ್ತಿಯ ಕಂಪ್ರೆಸರ್ ಇದರ ಮೇಲೆ ಇನ್ನೂ ಸುಮಾರು 10 ಆಂಪಿಯರನ್ನು ಕೂಡಿಸುತ್ತದೆ.

ಈ ಲೆಕ್ಕದಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. ಪ್ರತ್ಯೇಕ ಯಂತ್ರಗಳನ್ನು ಕೊಂಡಮಾತ್ರಕ್ಕೆ ಎರಡೂ ಕೆಲಸಗಳು ಏಕಕಾಲಕ್ಕೆ ನಡೆಯುವುದಿಲ್ಲ. ಎರಡೂ ಕೂಡಿ ಓಡಿದರೆ ಸುಮಾರು 70 ಆಂಪಿಯರ್ ಬೇಕಾಗುತ್ತದೆ. ಇದನ್ನು ಸಣ್ಣ ಅಂಗಡಿಯ ಸಿಂಗಲ್ ಫೇಸ್ ಸಂಪರ್ಕ ತಾಳದು. ಆದ್ದರಿಂದ ಎರಡು ಯಂತ್ರಗಳ ಬೆಲೆಯ ಜೊತೆಗೆ ಗುಲಬರ್ಗಾ ವಿದ್ಯುತ್ ಸರಬರಾಜು ಕಂಪನಿಯಿಂದ ತ್ರೀ ಫೇಸ್ ಸಂಪರ್ಕವನ್ನೂ ತಕ್ಕ ಮಂಜೂರಾತಿ ಹೊರೆಯನ್ನೂ ಪಡೆಯುವ ವೆಚ್ಚವನ್ನು ಸೇರಿಸಿಕೊಂಡೇ ಹೋಲಿಕೆ ಮಾಡಬೇಕು. ಆ ಸಂಪರ್ಕ ದೊರೆಯದಿದ್ದರೆ ಪ್ರತ್ಯೇಕ ಯಂತ್ರಗಳಿಂದ ಸಮಯದ ಉಳಿತಾಯವಿಲ್ಲ, ಭದ್ರತೆಯ ಲಾಭ ಮಾತ್ರ ಉಂಟು.

ವೋಲ್ಟೇಜಿನ ಕುಸಿತವನ್ನೂ ಇಲ್ಲಿ ಪರಿಗಣಿಸಬೇಕು. 2.5 ಚದರ ಮಿ.ಮೀ. ತಾಮ್ರದ ತಂತಿಯನ್ನು 30 ಮೀಟರ್ ದೂರ ಎಳೆದು 31 ಆಂಪಿಯರ್ ಹರಿಸಿದರೆ ತಂತಿಯಲ್ಲಿಯೇ 13 ವೋಲ್ಟಿಗೂ ಹೆಚ್ಚು ನಷ್ಟವಾಗುತ್ತದೆ. ಮಾರ್ಗದ ಕೊನೆಯಲ್ಲಿರುವ ಊರಿನಲ್ಲಿ ವೋಲ್ಟೇಜು ಮೊದಲೇ 180ಕ್ಕೆ ಇಳಿದಿದ್ದರೆ ಅಷ್ಟೇ ಕೆಲಸಕ್ಕೆ ಯಂತ್ರವು 39 ಆಂಪಿಯರಿನಷ್ಟು ಸೆಳೆಯಬೇಕಾಗುತ್ತದೆ. ತಂತಿ ಕಾಯುತ್ತದೆ, ಯಂತ್ರದ ಒಳಭಾಗ ಕಾಯುತ್ತದೆ. ದಪ್ಪ ತಂತಿಗೆ ಹಾಕುವ ಹಣ ಯಂತ್ರದ ಆಯುಷ್ಯಕ್ಕೆ ಹಾಕಿದ ಹಣವೇ ಆಗಿದೆ.

ಬಿಸಿಲು ಮತ್ತು ಬಿಡುವು

ಯಂತ್ರದ ಫಲಕದಲ್ಲಿ ಬರೆದಿರುವ ಡ್ಯೂಟಿ ಸೈಕಲ್ ಎಂಬುದು 10 ನಿಮಿಷಗಳ ಅವಧಿಯಲ್ಲಿ ಯಂತ್ರವು ಎಷ್ಟು ನಿಮಿಷ ಚಾಪವನ್ನು ನಡೆಸಬಲ್ಲದು ಎಂಬುದರ ಸೂಚಕ. 160 ಆಂಪಿಯರಿಗೆ ಶೇಕಡಾ 60 ಎಂದಿದ್ದರೆ 6 ನಿಮಿಷ ದುಡಿಮೆ, 4 ನಿಮಿಷ ಬಿಡುವು. ಉಷ್ಣವು ಆಂಪಿಯರಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಅದೇ ಯಂತ್ರ ಬಿಡುವಿಲ್ಲದೆ ನಡೆಯಬೇಕಾದರೆ ಸುಮಾರು 124 ಆಂಪಿಯರಿಗೆ ಇಳಿಸಬೇಕು. ಅಂಗಡಿಗಳಲ್ಲಿ ‘10 ನಂಬರ್’ ಎಂದು ಕರೆಯುವ 3.15 ಮಿ.ಮೀ. ರಾಡಿಗೆ ಇಷ್ಟು ಸಾಕು. ‘8 ನಂಬರ್’ ಎಂದು ಕರೆಯುವ 4 ಮಿ.ಮೀ. ರಾಡಿಗೆ ಬಹುಮಟ್ಟಿಗೆ ಸಾಲದು.

ಈ ಅಳತೆಗಳನ್ನು ಮಾನಕವು 40 ಡಿಗ್ರಿ ಸೆಲ್ಸಿಯಸ್ ಸುತ್ತಣ ಉಷ್ಣತೆಗೆ ನಿಗದಿಪಡಿಸಿದೆ. ರಾಯಚೂರು ಜಿಲ್ಲೆಯ ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲು ಆ ಮಿತಿಯನ್ನು ದಾಟುತ್ತದೆ. ತಗಡಿನ ಮಾಡಿನ ಕೆಳಗೆ ಅದು ಇನ್ನೂ ಹೆಚ್ಚು. ಸಂಯುಕ್ತ ಯಂತ್ರದಲ್ಲಿ ಕತ್ತರಿಸಿದ ಕೂಡಲೇ ಬೆಸೆಯಲು ತೊಡಗಿದರೆ ಯಂತ್ರಕ್ಕೆ ಸಹಜವಾಗಿ ದೊರೆಯುತ್ತಿದ್ದ ಬಿಡುವು ತಪ್ಪಿಹೋಗುತ್ತದೆ. ಪ್ರತ್ಯೇಕ ಯಂತ್ರಗಳಲ್ಲಿ ಒಂದು ದುಡಿಯುವಾಗ ಇನ್ನೊಂದು ತಣಿಯುತ್ತದೆ. ಮಳೆಗಾಲದಲ್ಲಿ ಸಮಸ್ಯೆ ಬೇರೆ. ಗಾಳಿಯಲ್ಲಿನ ತೇವಾಂಶವು ಕಂಪ್ರೆಸರಿನಿಂದ ಟಾರ್ಚಿಗೆ ತಲುಪಿದರೆ ಎಲೆಕ್ಟ್ರೋಡಿನ ತುದಿಯ ಹಾಫ್ನಿಯಮ್ ಬೇಗ ಸವೆಯುತ್ತದೆ. ನೀರು ಬೇರ್ಪಡಿಸುವ ಫಿಲ್ಟರು ಎರಡೂ ಬಗೆಯ ಯಂತ್ರಗಳಿಗೆ ಅನಿವಾರ್ಯ.

ಸಮಯದ ಲೆಕ್ಕ

ಒಂದು ಕೆಲಸಕ್ಕೆ 1 ಗಂಟೆ ಕತ್ತರಿಕೆ, 3 ಗಂಟೆ ಬೆಸುಗೆ ಹಿಡಿಯುತ್ತದೆ ಎಂದು ಭಾವಿಸೋಣ. ಸಂಯುಕ್ತ ಯಂತ್ರದಲ್ಲಿ ಪ್ರತಿಯೊಂದು ಕೆಲಸಕ್ಕೂ 4 ಗಂಟೆ ಬೇಕು. 10 ಗಂಟೆಗಳ ದಿನದಲ್ಲಿ ಎರಡು ಕೆಲಸ ಮುಗಿದು ಮೂರನೆಯದು ಅರ್ಧಕ್ಕೆ ನಿಲ್ಲುತ್ತದೆ. ಇಬ್ಬರು ಕೆಲಸಗಾರರೂ ಎರಡು ಯಂತ್ರಗಳೂ ಇದ್ದರೆ, ಮೊದಲನೆಯ ಕೆಲಸವನ್ನು ಬೆಸೆಯುವಾಗಲೇ ಎರಡನೆಯದರ ಕತ್ತರಿಕೆ ಮುಗಿದಿರುತ್ತದೆ. ಅದೇ 10 ಗಂಟೆಗಳಲ್ಲಿ ಮೂರೂ ಕೆಲಸಗಳು ಪೂರ್ಣಗೊಳ್ಳುತ್ತವೆ. ಆದರೆ ಅಂಗಡಿಯಲ್ಲಿ ಒಬ್ಬನೇ ಇದ್ದರೆ ಯಂತ್ರ ಎರಡಿದ್ದರೂ ಕೈ ಎರಡೇ. ಕೇಬಲ್ ಬದಲಿಸುವ ಕೆಲವು ನಿಮಿಷಗಳ ಹೊರತು ಅಲ್ಲಿ ಉಳಿತಾಯವಿಲ್ಲ. ಹೀಗಾಗಿ ಸಮಯದ ದೃಷ್ಟಿಯಿಂದ ಯಂತ್ರದ ಸಂಖ್ಯೆಯನ್ನು ನಿರ್ಧರಿಸುವುದು ಕೆಲಸದ ಪ್ರಮಾಣಕ್ಕಿಂತ ಮಿಗಿಲಾಗಿ ಕೆಲಸಗಾರರ ಸಂಖ್ಯೆ.

ಕೆಟ್ಟು ನಿಂತಾಗ

ಬೆಸುಗೆ ಮತ್ತು ಕತ್ತರಿಕೆಗಳನ್ನು ಸಮಾನ ತೂಕದ ಎರಡು ಕೆಲಸಗಳೆಂದು ಭಾವಿಸಿ ಹೋಲಿಸುವುದೇ ಈ ಆಯ್ಕೆಯಲ್ಲಿ ಆಗುವ ಮುಖ್ಯ ತಪ್ಪು. ಪ್ಲಾಸ್ಮಾ ನಿಂತರೆ ಗ್ಯಾಸ್ ಕಟರಿನಿಂದ ಕತ್ತರಿಸಬಹುದು. ಅದೂ ಇಲ್ಲದಿದ್ದರೆ ಗ್ರೈಂಡರ್ ಇದೆ, ಗರಗಸವಿದೆ, ತೆಳು ತಗಡಿಗೆ ಚಾಣ ಸುತ್ತಿಗೆಗಳೂ ಸಾಕು. ಕೆಲಸ ನಿಧಾನವಾಗುತ್ತದೆ, ಅಂಚು ಒರಟಾಗುತ್ತದೆ, ಆದರೆ ನಿಲ್ಲುವುದಿಲ್ಲ. ಬೆಸುಗೆ ನಿಂತರೆ ಅಂಗಡಿಯಲ್ಲಿ ಅದಕ್ಕೆ ಬದಲಿ ಇಲ್ಲ. ನಟ್ಟು ಬೋಲ್ಟುಗಳಿಂದ ಎಲ್ಲವನ್ನೂ ಜೋಡಿಸಲಾಗದು, ಕುಲುಮೆಯ ಬೆಸುಗೆ ಬಲ್ಲ ಕೈಗಳು ವಿರಳವಾಗುತ್ತಿವೆ. ಕತ್ತರಿಕೆಗೆ ಬದಲಿ ಉಂಟು, ಬೆಸುಗೆಗೆ ಬದಲಿ ಇಲ್ಲ ಎಂಬ ಈ ಅಸಮತೆಯೇ ಆಯ್ಕೆಯ ಕೀಲಿಕೈ.

ಸಂಯುಕ್ತ ಯಂತ್ರವು ಬದಲಿಯಿಲ್ಲದ ಕೆಲಸವನ್ನು ಬದಲಿಯಿರುವ ಕೆಲಸದ ಜೊತೆ ಒಂದೇ ಹಗ್ಗಕ್ಕೆ ಕಟ್ಟುತ್ತದೆ. ಕತ್ತರಿಕೆಯ ವೇಳೆ ವಿದ್ಯುತ್ ಒಳಬರುವ ಭಾಗ ಸುಟ್ಟರೆ ಬೆಸುಗೆಯೂ ಹೋಗುತ್ತದೆ. ಗ್ರೈಂಡರಿನಿಂದ ಏಳುವ ಕಬ್ಬಿಣದ ಪುಡಿಯನ್ನು ಫ್ಯಾನು ಒಳಗೆಳೆದುಕೊಂಡು ಫಲಕವೊಂದು ಶಾರ್ಟ್ ಆದರೂ ಅದೇ ಗತಿ. ದುರಸ್ತಿಯ ಪ್ರಶ್ನೆಯೂ ಇದರೊಡನೆ ಸೇರಿದೆ. ಹಳೆಯ ಟ್ರಾನ್ಸ್‌ಫಾರ್ಮರ್ ಬೆಸುಗೆ ಯಂತ್ರದ ಸುರುಳಿ ಸುಟ್ಟರೆ, ನೀರಾವರಿ ಪಂಪುಗಳ ಮೋಟಾರು ಸುತ್ತುವ ವೈಂಡಿಂಗ್ ಅಂಗಡಿಯಲ್ಲಿ ಅದನ್ನು ಮತ್ತೆ ಸುತ್ತಿಸಬಹುದು. ಇನ್ವರ್ಟರ್ ಯಂತ್ರದ ಫಲಕ ಕೆಟ್ಟರೆ ಅದನ್ನು ಬಲ್ಲವರಲ್ಲಿಗೆ ಕಳಿಸಬೇಕು, ಬಿಡಿಭಾಗ ಬರುವವರೆಗೆ ಕಾಯಬೇಕು. ಇನ್ವರ್ಟರ್ ಕೊಂಡ ಮೇಲೆ ಹಳೆಯ ಟ್ರಾನ್ಸ್‌ಫಾರ್ಮರನ್ನು ಗುಜರಿಗೆ ಹಾಕುವುದು ಈ ದೃಷ್ಟಿಯಿಂದ ವಿವೇಕವಲ್ಲ. ಅದು ಭಾರವಾಗಿರಬಹುದು, ವಿದ್ಯುತ್ ಹೆಚ್ಚು ತಿನ್ನಬಹುದು, ಆದರೆ ಆಪತ್ತಿನ ದಿನ ಅಂಗಡಿಯ ಬಾಗಿಲು ತೆರೆದಿಡುವುದು ಅದೇ.

ಮೂರು ಊರು, ಮೂರು ಸನ್ನಿವೇಶ

ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಇಲ್ಲಿಯ ಕಬ್ಬಿಣದ ಕೆಲಸವು ಕಾಲುವೆಯ ನೀರಿನೊಂದಿಗೆ ಏರಿಳಿಯುತ್ತದೆ. ನಾಟಿಗೆ ಮುಂಚೆ ಟ್ರ್ಯಾಕ್ಟರಿನ ಕೇಜ್ ವೀಲುಗಳು, ಕೊಯ್ಲಿನ ಹೊತ್ತಿಗೆ ಭತ್ತ ಕಟಾವು ಯಂತ್ರಗಳು ಮತ್ತು ಟ್ರೇಲರುಗಳು, ಬಳಿಕ ಅಕ್ಕಿ ಗಿರಣಿಗಳ ಎಲಿವೇಟರು ಮತ್ತು ಹಾಪರುಗಳು ಸರದಿಯಂತೆ ಬರುತ್ತವೆ. ಕೊಯ್ಲಿನ ವಾರಗಳಲ್ಲಿ ಕಟಾವು ಯಂತ್ರವೊಂದು ಮುರಿದು ನಿಂತರೆ ರೈತನಿಗೂ ಯಂತ್ರದ ಮಾಲೀಕನಿಗೂ ಪ್ರತಿ ಗಂಟೆಯೂ ನಷ್ಟ. ಮಳೆಯ ಮೋಡ ಕಂಡರಂತೂ ಆತಂಕ ಇಮ್ಮಡಿಸುತ್ತದೆ. ಇಬ್ಬರು ಮೂವರು ಕೆಲಸಗಾರರಿರುವ ಅಂಗಡಿಗೆ ಇಲ್ಲಿ ಪ್ರತ್ಯೇಕ ಯಂತ್ರಗಳೇ ತಕ್ಕವು. ಗಿರಣಿಯ ತೆಳು ತಗಡಿನ ಕೆಲಸಕ್ಕೆ 40 ಆಂಪಿಯರಿನ ಪ್ಲಾಸ್ಮಾ ಒಳ್ಳೆಯ ಸಾಧನ. ಸುಮಾರು 10 ಮಿ.ಮೀ. ವರೆಗಿನ ಉಕ್ಕನ್ನು ಅದು ಚೊಕ್ಕವಾಗಿ ಕತ್ತರಿಸುತ್ತದೆ, ತಗಡು ಸೊಟ್ಟಗಾಗುವುದೂ ಗ್ಯಾಸಿಗಿಂತ ಕಡಿಮೆ. ಆದರೆ ಹೊಟ್ಟು ಮತ್ತು ಹುಲ್ಲು ಹರಡಿದ ಗಿರಣಿಯೊಳಗೆ ಪ್ಲಾಸ್ಮಾದ ಕಿಡಿ ದೂರಕ್ಕೆ ಸಿಡಿಯುತ್ತದೆಂಬ ಎಚ್ಚರ ಅಗತ್ಯ.

ಲಿಂಗಸುಗೂರಿನಲ್ಲಿ ಕೃಷಿಯ ಜೊತೆಗೆ ಕಟ್ಟಡ ಮತ್ತು ಭಾರಿ ವಾಹನಗಳ ಕೆಲಸವೂ ಇರುತ್ತದೆ. ಹಟ್ಟಿ ಇದೇ ತಾಲ್ಲೂಕಿನಲ್ಲಿದೆ. ಭಾರಿ ವಾಹನದ ಚಾಸಿಗಳು ಮತ್ತು ದಪ್ಪ ತಟ್ಟೆಗಳ ಕೆಲಸಕ್ಕೆ ಸಣ್ಣ ಸಂಯುಕ್ತ ಯಂತ್ರದ ಪ್ಲಾಸ್ಮಾ ಸಾಲದು. 25 ಮಿ.ಮೀ. ಮೀರಿದ ಸಾಧಾರಣ ಉಕ್ಕಿಗೆ ಆಮ್ಲಜನಕದ ಗ್ಯಾಸ್ ಕಟರೇ ಇಂದಿಗೂ ಅಗ್ಗದ, ನಂಬಿಕೆಯ ಸಾಧನ. ಗ್ಯಾಸಿನಿಂದ ಕತ್ತರಿಸಲಾಗದ ಸ್ಟೇನ್‌ಲೆಸ್ ಸ್ಟೀಲ್ ಮತ್ತು ಅಲ್ಯುಮಿನಿಯಮ್ ಕೆಲಸ ನಿಯಮಿತವಾಗಿ ಬರುವುದಾದರೆ ಮಾತ್ರ ಪ್ಲಾಸ್ಮಾಕ್ಕೆ ಹಣ ಹೂಡುವುದು ಯುಕ್ತ. ಅಂತಹ ಅಂಗಡಿ ಶಕ್ತಿಯುತವಾದ ಪ್ರತ್ಯೇಕ ಬೆಸುಗೆ ಯಂತ್ರ ಮತ್ತು ಗ್ಯಾಸ್ ಕಟರಿನಿಂದ ಆರಂಭಿಸಿ, ಪ್ಲಾಸ್ಮಾವನ್ನು ಮೂರನೆಯದಾಗಿ ಸೇರಿಸಿಕೊಳ್ಳಬಹುದು.

ಮೊದಲು ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು, ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಮಸ್ಕಿಯ ಸುತ್ತ ಮಳೆಯಾಶ್ರಿತ ಬೇಸಾಯದ ಹಳ್ಳಿಗಳು ಬಹಳ. ಸಜ್ಜೆ, ತೊಗರಿ, ಹತ್ತಿ, ಹಿಂಗಾರಿನ ಜೋಳ ಮತ್ತು ಕಡಲೆಗಳ ಬಿತ್ತನೆಗೆ ಮುಂಚಿನ ದಿನಗಳಲ್ಲಿ ಕೂರಿಗೆ, ಕುಂಟೆ, ಕಲ್ಟಿವೇಟರುಗಳ ದುರಸ್ತಿ ಒಮ್ಮೆಗೇ ಬಂದು ಬೀಳುತ್ತದೆ. ಒಬ್ಬನೇ ನಡೆಸುವ, ಸಿಂಗಲ್ ಫೇಸಿನ, ಕಿರಿದಾದ ಅಂಗಡಿಗೆ ಸಂಯುಕ್ತ ಯಂತ್ರ ಸಲ್ಲುವುದಾದರೆ ಅದು ಇಂತಹ ಕಡೆಯೇ. ಜಾಗ ಉಳಿಯುತ್ತದೆ, ಹೊಲಕ್ಕೆ ಒಯ್ಯಲು ಹಗುರ. ಆದರೆ ಹೊಲದಲ್ಲಿ ಕತ್ತರಿಸಬೇಕಾದರೆ ಯಂತ್ರದ ಜೊತೆ ಕಂಪ್ರೆಸರನ್ನೂ ಅದಕ್ಕೆ ಸಾಕಾಗುವ ಜನರೇಟರನ್ನೂ ಒಯ್ಯಬೇಕು. ಯಂತ್ರವೊಂದಕ್ಕೇ ಸುಮಾರು 7 ಕಿಲೋವೋಲ್ಟ್ ಆಂಪಿಯರ್ ಬೇಕಾಗುವುದರಿಂದ 10ಕ್ಕೆ ಕಡಿಮೆಯಿಲ್ಲದ ಜನರೇಟರ್ ಬೇಕು. ಪೆಟ್ಟಿಗೆ ಹಗುರವಾದರೂ ಹೊರೆ ಹಗುರವಲ್ಲ ಎಂಬುದನ್ನು ಕೊಳ್ಳುವ ಮುನ್ನವೇ ಅರಿಯಬೇಕು.

ಸಮಾರೋಪ

ಮೇಲಿನ ವಿವೇಚನೆಯಿಂದ ಯಂತ್ರಾಯ್ಕೆಯ ಕ್ರಮವೊಂದು ಸ್ಪಷ್ಟವಾಗುತ್ತದೆ. ಮೊದಲು ಬೆಸುಗೆಯನ್ನು ಭದ್ರಪಡಿಸಿಕೊಳ್ಳಬೇಕು. ದಿನನಿತ್ಯ ಬಳಸುವ ರಾಡಿಗೆ ಬಿಡುವಿಲ್ಲದೆ ಸಾಕಾಗುವ ಒಂದು ಒಳ್ಳೆಯ ಬೆಸುಗೆ ಯಂತ್ರ, ಅದು ನಿಂತರೆ ಆಸರೆಯಾಗುವ ಇನ್ನೊಂದು ಹಳೆಯದಾದರೂ ಸರಿ, ಇರಲೇಬೇಕು. ಕತ್ತರಿಕೆಯ ಕೆಲಸ ಹೆಚ್ಚಿದಂತೆ ಪ್ಲಾಸ್ಮಾ ಯಂತ್ರವನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬಹುದು. ಸಂಯುಕ್ತ ಯಂತ್ರವನ್ನೇ ಕೊಳ್ಳುವುದಾದರೆ ಕೆಲಸಗಾರ ಒಬ್ಬನೇ ಆಗಿರಬೇಕು, ಬೆಸುಗೆಗೆ ಆಸರೆಯ ಯಂತ್ರ ಮೊದಲೇ ಇರಬೇಕು, ಪೈಲಟ್ ಚಾಪದ ವ್ಯವಸ್ಥೆ ಇರಬೇಕು, ದುರಸ್ತಿ ಮಾಡುವವರು ಒಂದು ದಿನದ ಪ್ರಯಾಣದೊಳಗೆ ಸಿಗಬೇಕು. ಈ ನಾಲ್ಕರಲ್ಲಿ ಎರಡನೆಯದು ತಪ್ಪಿದರೆ ಉಳಿದ ಮೂರರಿಂದ ಪ್ರಯೋಜನವಿಲ್ಲ.

ಕುಲುಮೆಯ ಕಾಲದಲ್ಲಿ ಒಂದೇ ಒಲೆ ಎಲ್ಲ ಕೆಲಸಕ್ಕೂ ಸಾಕಾಗಿದ್ದುದು ಆ ಒಲೆಯನ್ನು ಕಟ್ಟಿದ ಕೈಯೇ ಅದನ್ನು ಸರಿಪಡಿಸಬಲ್ಲದಾಗಿದ್ದುದರಿಂದ. ಸರಿಪಡಿಸುವ ವಿದ್ಯೆ ಅಂಗಡಿಯಿಂದ ದೂರ ಸರಿದಿರುವ ಇಂದಿನ ಸ್ಥಿತಿಯಲ್ಲಿ ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ಒಪ್ಪಿಸುವುದು ಸಿಂಧನೂರಿನ ಕೊಯ್ಲಿನ ವಾರದಲ್ಲಾಗಲಿ ಮಸ್ಕಿಯ ಬಿತ್ತನೆಯ ವಾರದಲ್ಲಾಗಲಿ ದುಬಾರಿಯಾದೀತು. ಕೈಗಾರಿಕಾ ತರಬೇತಿ ಸಂಸ್ಥೆಗಳ ವೆಲ್ಡರ್ ತರಬೇತಿಯಲ್ಲಿ ಬೆಸೆಯುವುದನ್ನು ಕಲಿಸುವುದರ ಜೊತೆಗೆ ಯಂತ್ರದ ಫಲಕವನ್ನು ಓದುವುದು, ವಿದ್ಯುತ್ ಹೊರೆಯನ್ನು ಲೆಕ್ಕ ಹಾಕುವುದು ಮತ್ತು ಇನ್ವರ್ಟರಿನ ಪ್ರಾಥಮಿಕ ದುರಸ್ತಿ, ಇವುಗಳಿಗೂ ಒತ್ತು ದೊರೆತರೆ ಯಂತ್ರಾಯ್ಕೆಯ ಈ ಪ್ರಶ್ನೆಗೆ ಪ್ರತಿಯೊಂದು ಅಂಗಡಿಯೂ ತನ್ನ ಉತ್ತರವನ್ನು ತಾನೇ ಕಂಡುಕೊಳ್ಳಬಲ್ಲದು.